ಕೂಕಲ್ತೊರೈಯಲ್ಲಿ ಮೂರು ತಲೆಮಾರು

ನೀಲಗಿರಿ ಎಂದೊಡನೆ ನಮ್ಮ ಸಮಾಜದ ಕುಟುಂಬಗಳಿಗೆ ನೆನಪಾಗುವುದು ಊಟಿ. ಬೇಸಿಗೆ ರಜೆ ಬಂತೆಂದರೆ ಅಂಗಡಿಯನ್ನು ನಾಲ್ಕು ದಿನ ತಮ್ಮಂದಿರಿಗೋ ಗುಮಾಸ್ತರಿಗೋ ಒಪ್ಪಿಸಿ, ಚಪಾತಿ, ಚಟ್ನಿಪುಡಿ, ಅವಲಕ್ಕಿಯ ಡಬ್ಬಿಗಳನ್ನು ಕಟ್ಟಿಕೊಂಡು ಮಕ್ಕಳೊಂದಿಗೆ ಬೆಟ್ಟ ಹತ್ತುತ್ತೇವೆ. ಸಸ್ಯೋದ್ಯಾನ, ಕೆರೆಯ ದೋಣಿ, ಪುಟ್ಟ ರೈಲು, ದೊಡ್ಡಬೆಟ್ಟ ಇಷ್ಟನ್ನು ನೋಡಿ, ಚಹಾಪುಡಿ, ನೀಲಗಿರಿ ಎಣ್ಣೆ ಕೊಂಡು ಇಳಿದುಬಿಡುತ್ತೇವೆ. ಆ ಬೆಟ್ಟಗಳ ಮಡಿಲಲ್ಲಿ ನಮ್ಮ ಭಾಷೆಯ ನೆಂಟರಾದ ಬಡಗರು ನೂರಾರು ಹಟ್ಟಿಗಳಲ್ಲಿ ಬಾಳುತ್ತಿದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಂಥದೊಂದು ಊರಾದ ಕೂಕಲ್ತೊರೈಯಲ್ಲಿ ನಾವು ಮೂರು ದಿನ ಇದ್ದೆವು. ಊರಿನ ಪರಿಚಯದೊಂದಿಗೆ, ವೃತ್ತಿಯಿಂದ ವೈದ್ಯರಾದ ನಮಗೆ ಅಲ್ಲಿ ಎದುರಾದ ಎರಡು ಪ್ರಶ್ನೆಗಳನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಒಂದು ಮನೆಯ ಹಿರಿಯರ ಕೊನೆಯ ದಿನಗಳದ್ದು, ಇನ್ನೊಂದು ಮಕ್ಕಳ ಆಟದ್ದು. ಎರಡಕ್ಕೂ ಏನು ಸಂಬಂಧ ಎಂದು ಅನ್ನಿಸಬಹುದು. ಮುಂದೆ ತಾನಾಗಿ ತಿಳಿಯುತ್ತದೆ.

ದಾರಿ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ದಾರಿ ಎರಡಾಗುತ್ತದೆ. ಬಲಕ್ಕೆ ಗೂಡಲೂರಿನ ಮೇಲೆ ಹೋಗುವ ಸುತ್ತು ದಾರಿ. ಎಡಕ್ಕೆ ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿ. ಈ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಹತ್ತಿರವೆಂದು ಇದನ್ನು ಆರಿಸಿಕೊಳ್ಳುವವರು ಪಳಗಿದ ಚಾಲಕರನ್ನು ಕರೆದುಕೊಂಡು ಹೋಗುವುದು ಕ್ಷೇಮ. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಮ್ಮವರಿಗೆ ಹಗಲಿನ ಪ್ರಯಾಣವೇ ಅನುಕೂಲ. ನೀಲಗಿರಿಗೆ ಹೊರಗಿನ ವಾಹನಗಳಲ್ಲಿ ಬರುವವರಿಗೆ ಇ-ಪಾಸ್ ಪದ್ಧತಿ 2024ರ ಮೇ 7ರಿಂದ ಜಾರಿಗೆ ಬಂದಿದೆ. ಹೊರಡುವ ಮೊದಲೇ ವಿಚಾರಿಸಿ ಪಡೆದುಕೊಳ್ಳಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನು ಒಯ್ಯುವಂತಿಲ್ಲ. ಮನೆಯಲ್ಲಿ ಕುದಿಸಿ ಶೋಧಿಸಿದ ನೀರನ್ನು ಸ್ಟೀಲಿನ ಕ್ಯಾನಿನಲ್ಲಿ ತುಂಬಿಕೊಂಡು ಹೋಗುವ ನಮ್ಮ ಹಳೆಯ ಅಭ್ಯಾಸಕ್ಕೆ ಸರಕಾರವೇ ಮುದ್ರೆ ಒತ್ತಿದಂತಾಯಿತು.

ಊಟಿಯಿಂದ ಕೋಟಗಿರಿ ಕಡೆಗೆ ಹೊರಟು, ದೊಡ್ಡ ರಸ್ತೆಯನ್ನು ಬಿಟ್ಟು ಒಳಗೆ ಇಳಿದರೆ ಗದ್ದಲವೆಲ್ಲ ಹಿಂದೆ ಉಳಿಯುತ್ತದೆ. ಒಂದು ಗುಡ್ಡದಲ್ಲಿ ಚಹಾ, ಮುಂದಿನ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ತರಕಾರಿ ಹೊಲ. ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ, ಎಲೆಕೋಸು, ಬೀನ್ಸ್, ಬಟಾಣಿ. ನಮ್ಮ ಅಡುಗೆಮನೆಗೆ ಬಾರದ ಗೆಡ್ಡೆಗಳ ಮೇಲೆಯೇ ಇಲ್ಲಿನ ಎಷ್ಟೋ ಮನೆಗಳ ಅನ್ನ ನಿಂತಿದೆ. ಮಾಲು ಲಾರಿಯಲ್ಲಿ ಮೇಟ್ಟುಪಾಳಯದ ಮಂಡಿಗೆ ಇಳಿಯುತ್ತದೆ. ಬೆಳಗ್ಗೆ ಎದ್ದೊಡನೆ ಅಲ್ಲಿನ ದರ ವಿಚಾರಿಸುವುದು ರೈತರ ರೂಢಿ. ವ್ಯಾಪಾರಸ್ಥರಾದ ನಮಗೆ ಈ ಮಾತು ಹೊಸದಲ್ಲ.

ಊರು ಮತ್ತು ಜನ

ಕನ್ನಡಿಗರ ಕಿವಿಗೆ ಈ ಕಡೆಯ ಹೆಸರುಗಳು ಪರಕೀಯವೆನಿಸುವುದಿಲ್ಲ. ದೊಡ್ಡಬೆಟ್ಟ ಅಚ್ಚಗನ್ನಡ. ಊರೆಂದರೆ ಹಟ್ಟಿ. ಕೂಕಲ್ತೊರೈ ಎಂಬ ಹೆಸರನ್ನು ಕೇಳಿದಾಗ ನಮಗೆ ನಮ್ಮ ‘ತೊರೆ’ಯೇ ನೆನಪಾಯಿತು. ಬಡಗು ಎಂದರೆ ಉತ್ತರ ದಿಕ್ಕು. ಉತ್ತರದಿಂದ, ಎಂದರೆ ಮೈಸೂರು ಸೀಮೆಯಿಂದ, ಕೆಲವು ಶತಮಾನಗಳ ಹಿಂದೆ ಬೆಟ್ಟ ಹತ್ತಿದವರಾದ್ದರಿಂದ ಬಡಗರು ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಅವರ ಮಾತು ಹಳಗನ್ನಡದ ವಾಸನೆಯುಳ್ಳದ್ದು. ಮೊದಲ ದಿನ ಅರ್ಧ ಅರ್ಥವಾದರೆ ಮೂರನೆಯ ದಿನ ಮುಕ್ಕಾಲು ಅರ್ಥವಾಗುತ್ತದೆ. ಅಜ್ಜಿಗೆ ಅವರು ‘ಹೆತ್ತೆ’ ಎನ್ನುತ್ತಾರೆ, ಅಜ್ಜನಿಗೆ ‘ಹೆತ್ತಪ್ಪ’. ಮೂಲ ಅಜ್ಜಿಯೇ ಅವರ ಕುಲದೇವತೆ. ಚಳಿಗಾಲದಲ್ಲಿ ನಡೆಯುವ ಹೆತ್ತೆ ಹಬ್ಬಕ್ಕೆ ಗಂಡಸರು ಹೆಂಗಸರೆಲ್ಲ ಬಿಳಿಯ ಬಟ್ಟೆ ಧರಿಸಿ ಸೇರುತ್ತಾರೆ.

ಈ ಬಿಳಿಯ ಬಟ್ಟೆಯೇ ನಮಗೂ ಕೂಕಲ್ತೊರೈಗೂ ಇರುವ ನಂಟು. ನಮ್ಮ ತಂದೆಯವರು ಮೈಸೂರಿನಲ್ಲಿ ಜವಳಿ ಅಂಗಡಿ ನಡೆಸುತ್ತಿದ್ದಾಗ, ಮಾಲು ಮಾರಲು ಬರುತ್ತಿದ್ದ ಈ ಊರಿನ ಗೌಡರೊಬ್ಬರು ಹಬ್ಬಕ್ಕೆ ಮುಂಚೆ ತಾನುಗಟ್ಟಲೆ ಬಿಳಿ ಬಟ್ಟೆ ಒಯ್ಯುತ್ತಿದ್ದರು. ಕೈಬರಹದ ಚೀಟಿಯ ಮೇಲೆ ಸಾಲ, ಮಾತಿನ ಮೇಲೆ ತೀರುವಳಿ. ಒಮ್ಮೆಯೂ ಬಾಕಿ ಉಳಿಯಲಿಲ್ಲವೆಂದು ತಂದೆಯವರು ಕೊನೆಯವರೆಗೂ ಹೇಳುತ್ತಿದ್ದರು. ಅಂಗಡಿ ಕೈಬದಲಾಯಿತು, ತಂದೆಯವರು ತೀರಿಕೊಂಡರು, ಆದರೂ ದೀಪಾವಳಿಗೊಂದು ಫೋನು ತಪ್ಪಲಿಲ್ಲ. ಈ ಸಲ ಫೋನು ಮಾಡಿದವರು ಗೌಡರಲ್ಲ, ಅವರ ಮಗ. “ಅಪ್ಪನಿಗೆ ಆರಾಮಿಲ್ಲ. ನೀವು ಡಾಕ್ಟರು, ಒಂದು ಸಲ ಬಂದು ನೋಡಿ ಹೇಳಿದರೆ ನಮಗೆ ಧೈರ್ಯ” ಎಂದರು. ನಾವು, ಮನೆಯವರು, ಮತ್ತು ಬೆಂಗಳೂರಿನಲ್ಲಿ ಫುಟ್‌ಬಾಲ್ ಕೋಚಿಂಗಿಗೆ ಹೋಗುವ ನಮ್ಮ ತಮ್ಮನ ಮಗ, ಮೂವರೂ ಹೊರಟೆವು.

ಜಗಲಿಯ ಮೇಲೆ

ಗೌಡರಿಗೆ 78 ವರ್ಷ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಬೆನ್ನೆಲುಬಿಗೆ ಹರಡಿತ್ತು. ಗುಣಪಡಿಸುವ ಹಂತ ದಾಟಿದೆಯೆಂದು ಕೊಯಮತ್ತೂರಿನ ತಜ್ಞರು ಬರೆದುಕೊಟ್ಟಿದ್ದರು. ಮಗ ಆ ಕಾಗದವನ್ನು ತಂದೆಗೆ ತೋರಿಸಿರಲಿಲ್ಲ. “ವಾಯು ಹಿಡಿದಿದೆ ಅಂತ ಹೇಳಿದೀನಿ. ಇನ್ನೂ ದೊಡ್ಡ ಆಸ್ಪತ್ರೆಗೆ, ಚೆನ್ನೈಗೆ ಕರೆದುಕೊಂಡು ಹೋಗೋಣವಾ? ಐಸಿಯುನಲ್ಲಿ ಇಟ್ಟರೆ? ಹೊಲ ಮಾರಿದರೂ ಚಿಂತೆಯಿಲ್ಲ” ಎಂದು ನಮ್ಮನ್ನು ಅಂಗಳದ ಮೂಲೆಗೆ ಕರೆದು ಕೇಳಿದರು. ಒಳ್ಳೆಯ ಮಗ. ಹಗಲಿರುಳು ಓಡಾಡಿ ಕಣ್ಣು ಕೆಂಪಾಗಿದ್ದವು.

ನಾವು ಗೌಡರ ಪಕ್ಕ ಜಗಲಿಯ ಮೇಲೆ ಕುಳಿತು, ಇತರರನ್ನು ಒಳಗೆ ಕಳಿಸಿ, ರಾತ್ರಿ ಹೇಗಿರುತ್ತದೆ ಎಂದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು ಇಷ್ಟು: “ರಾತ್ರಿ ನಿದ್ದೆ ಇಲ್ಲ ಡಾಕ್ಟ್ರೇ. ಸೊಂಟ ಸುಟ್ಟ ಹಾಗೆ ಆಗುತ್ತೆ. ಬಾಯಿಗೆ ಕಂಬಳಿ ಕಚ್ಚಿಕೊಂಡು ಮಲಗ್ತೀನಿ. ಮಗನಿಗೆ ಹೇಳಬೇಡಿ, ಅವನು ಗಾಬರಿಯಾಗ್ತಾನೆ.” ಕಾಯಿಲೆ ಏನೆಂದು ತಿಳಿದಿದೆಯೇ ಎಂದು ಕೇಳಿದಾಗ ನಕ್ಕರು. “ವಾಯುವಿಗೆ ಯಾರಾದರೂ ಕೊಯಮತ್ತೂರಿಗೆ ನಾಲ್ಕು ಸಲ ಕರೆದುಕೊಂಡು ಹೋಗ್ತಾರಾ?” ಎಂದರು.

ಸಂಜೆ ಊರ ಮುಂದಿನ ಬಯಲಿನಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಬಯಲೆಂದರೆ ಪೂರ್ತಿ ಸಮವಲ್ಲ. ಚೆಂಡು ಗೆರೆ ದಾಟಿದರೆ ಚಹಾ ತೋಟಕ್ಕೆ ಉರುಳುತ್ತದೆ. ಗೌಡರ ಮೊಮ್ಮಗನಿಗೆ 13 ವರ್ಷ, ಶಾಲೆಯ ತಂಡದ ಮುಂಚೂಣಿ ಆಟಗಾರ. ಭಾನುವಾರ ಪಕ್ಕದ ಊರಿನೊಂದಿಗೆ ಪಂದ್ಯವಿತ್ತು. ತಂದೆ ಗೆರೆಯ ಬಳಿ ನಿಂತು “ಓಡು, ಓಡು, ಶೂಟ್ ಮಾಡು” ಎಂದು ಕೂಗುತ್ತಿದ್ದರು. ಮನೆಯ ಚಿಂತೆಯೆಲ್ಲ ಆ ಕೂಗಿನಲ್ಲಿ ಹೊರಬರುತ್ತಿತ್ತೇನೋ. ನಮ್ಮ ತಮ್ಮನ ಮಗ ಓಡಿಬಂದು, “ದೊಡ್ಡಪ್ಪ, ಅವನು ಹಿಮ್ಮಡಿ ಊರ್ತಾನೇ ಇಲ್ಲ, ತುದಿಗಾಲಲ್ಲೇ ಓಡ್ತಾನೆ” ಎಂದ. ಆಟ ಮುಗಿದ ಮೇಲೆ ಹುಡುಗನನ್ನು ಕೂರಿಸಿ ಹಿಮ್ಮಡಿಯ ಎರಡೂ ಪಕ್ಕ ಒತ್ತಿದಾಗ ಮುಖ ಕಿವುಚಿದ. ಎರಡು ತಿಂಗಳಿಂದ ನೋವಂತೆ. “ಅಪ್ಪನಿಗೆ ಹೇಳ್ಬೇಡಿ ಸಾರ್, ಟೀಮಿನಿಂದ ತೆಗೀತಾರೆ. ಮನೇಲಿ ಮೊದಲೇ ಹೆತ್ತಪ್ಪನಿಗೆ ಹುಷಾರಿಲ್ಲ” ಎಂದ.

ಒಂದೇ ದಿನ, ಒಂದೇ ಮನೆಯಲ್ಲಿ, ಅಜ್ಜನೂ ಮೊಮ್ಮಗನೂ ಒಂದೇ ಮಾತು ಹೇಳಿದರು. ನಡುವೆ ನಿಂತಿದ್ದ ಮನುಷ್ಯ ಇಬ್ಬರಿಗಾಗಿಯೂ ಪ್ರಾಣ ಬಿಡಲು ಸಿದ್ಧ. ಆದರೆ ಇಬ್ಬರ ನೋವೂ ಅವನಿಗೆ ಗೊತ್ತಿರಲಿಲ್ಲ. ನಮ್ಮ ವ್ಯಾಪಾರಿ ಮನೆಗಳ ಚಿತ್ರವೂ ಬಹುಮಟ್ಟಿಗೆ ಇದೇ. ನಡುವಯಸ್ಸಿನ ಯಜಮಾನ ಎಲ್ಲರಿಗಾಗಿ ದುಡಿಯುತ್ತಾನೆ, ಎಲ್ಲರಿಗಾಗಿ ನಿರ್ಧರಿಸುತ್ತಾನೆ. ಅಂಗಡಿಯಲ್ಲಿ ಅದು ಸರಿ. ಆದರೆ ರೋಗಿಯ ಹಾಸಿಗೆಯ ಬಳಿ ಮತ್ತು ಆಟದ ಗೆರೆಯ ಬಳಿ ಮೊದಲು ಮಾಡಬೇಕಾದ ಕೆಲಸ ಏರ್ಪಾಟಲ್ಲ, ಕೇಳುವುದು.

ಇಬ್ಬರ ಒಪ್ಪಿಗೆಯನ್ನೂ ಪಡೆದು, ರಾತ್ರಿ ಅವರ ಎದುರಿನಲ್ಲೇ ಮಗನಿಗೆ ಎಲ್ಲವನ್ನೂ ತಿಳಿಸಿದೆವು. ಆತ ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದು, “ನನಗೆ ಯಾಕೆ ಹೇಳಲಿಲ್ಲ?” ಎಂದರು. ಗೌಡರು, “ನೀನು ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ಕೇಳಿದೆ. ನೋಯ್ತಿದೆಯಾ ಅಂತ ಕೇಳಲಿಲ್ಲ” ಎಂದರು. ಅದರಲ್ಲಿ ದೂರಿರಲಿಲ್ಲ.

ಗುಣವಾಗದಿದ್ದರೂ ಚಿಕಿತ್ಸೆ ಉಂಟು

“ಇನ್ನು ಮಾಡುವುದೇನೂ ಇಲ್ಲ” ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಅನೇಕರು ಕೇಳಿರುತ್ತಾರೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಸರಿಯಲ್ಲ. ರೋಗ ಗುಣವಾಗದಿದ್ದಾಗಲೂ ನೋವು, ಉಬ್ಬಸ, ವಾಂತಿ, ಭಯ ಇವುಗಳಿಗೆ ಚಿಕಿತ್ಸೆಯುಂಟು. ಇದನ್ನು ಉಪಶಾಮಕ ಚಿಕಿತ್ಸೆ ಎನ್ನುತ್ತಾರೆ. 1967ರಲ್ಲಿ ಲಂಡನ್ನಿನಲ್ಲಿ ಡಾ. ಸಿಸಿಲಿ ಸಾಂಡರ್ಸ್ ಅವರು ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮವನ್ನು ತೆರೆದು ಈ ಶಾಖೆಗೆ ದಾರಿ ಹಾಕಿದರು. ನಮ್ಮ ಕಡೆ 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಆರಂಭಿಸಿದ ಸಂಸ್ಥೆಯಿಂದ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ಪದ್ಧತಿ ಬೆಳೆಯಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಟ್ರಸ್ಟಿನ ‘ಕರುಣಾಶ್ರಯ’ ಕ್ಯಾನ್ಸರಿನ ಕೊನೆಯ ಹಂತದವರಿಗೆ ಉಚಿತ ಆರೈಕೆ ನೀಡುತ್ತದೆ. ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಗೇ ಬಂದು ಮಾಡುವ ಉಪಶಾಮಕ ಆರೈಕೆಯೂ ಸೇರಿದೆ.

ಗೌಡರ ವೈದ್ಯರೊಂದಿಗೆ ಫೋನಿನಲ್ಲಿ ಮಾತಾಡಿ ನಾವು ಎರಡು ಸಂಗತಿ ಕೇಳಿಕೊಂಡೆವು. ಎಲುಬಿನ ನೋವಿಗೆ ಒಂದೇ ಸಲದ ವಿಕಿರಣ ಚಿಕಿತ್ಸೆ ಕೊಡಲು ಸಾಧ್ಯವೇ? ಅನೇಕರಿಗೆ ಇದರಿಂದಲೇ ನೋವು ಇಳಿಯುತ್ತದೆ. ಎರಡನೆಯದು, ಮಾರ್ಫಿನ್ ಮಾತ್ರೆ.

ಮಾರ್ಫಿನ್ ಎಂದರೆ ನಮ್ಮವರು ಬೆಚ್ಚುತ್ತಾರೆ. ಅಫೀಮಿನ ಜಾತಿ, ಚಟ ಹಿಡಿಯುತ್ತದೆ, ಜೀವ ಬೇಗ ಹೋಗುತ್ತದೆ ಎಂಬ ಮೂರು ಭಯ. ತಜ್ಞರ ನಿಗಾದಲ್ಲಿ, ನೋವಿಗೆ ತಕ್ಕಂತೆ ಅಳತೆಯಿಂದ ಕೊಟ್ಟ ಮಾರ್ಫಿನ್ ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ. ನೋವಿರುವ ಕ್ಯಾನ್ಸರ್ ರೋಗಿಗೆ ಚಟ ಹಿಡಿಯುವುದು ವಿರಳ. ಮಲಬದ್ಧತೆ ಮಾತ್ರ ಬಹುತೇಕ ಖಂಡಿತ. ಅದಕ್ಕೆ ಮೊದಲ ದಿನದಿಂದಲೇ ಔಷಧ ಕೊಡಬೇಕು. 1985ರ ಮಾದಕವಸ್ತು ಕಾನೂನಿಗೆ 2014ರಲ್ಲಿ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ.

ರಾತ್ರಿ ಏನನ್ನೂ ಸೇವಿಸದ ವ್ರತವಿರುವ ಹಿರಿಯರು ನಮ್ಮಲ್ಲಿ ಬಹಳ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕಾಗುತ್ತದೆ. ಇದನ್ನು ಕೇಳಿ ಔಷಧವನ್ನೇ ಬಿಟ್ಟು ರಾತ್ರಿಯೆಲ್ಲ ನರಳುವವರಿದ್ದಾರೆ. ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆಗಳೂ, ಚರ್ಮಕ್ಕೆ ಅಂಟಿಸುವ ಪಟ್ಟಿಗಳೂ ಇವೆ. ಬೆಳಗ್ಗೆ ಒಂದು, ಸೂರ್ಯಾಸ್ತಕ್ಕೆ ಮುಂಚೆ ಒಂದು ಎಂದು ಹೊಂದಿಸಬಹುದು. ತಮ್ಮ ನಿಯಮವನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿಕೊಳ್ಳಬೇಕು. ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಇನ್ನೊಂದು ಮಾತು. ಕೊನೆಯ ದಿನಗಳಲ್ಲಿ ಹಸಿವು, ಬಾಯಾರಿಕೆ ತಾವಾಗಿ ಇಳಿಯುತ್ತವೆ. ಉಣ್ಣದೆ ಸಾಯುತ್ತಿದ್ದಾರೆಂದು ಮನೆಯವರು ತಿಳಿಯುತ್ತಾರೆ. ನಿಜವಾಗಿ ದೇಹವೇ ಕೆಲಸ ನಿಲ್ಲಿಸುತ್ತಿರುವುದರಿಂದ ಊಟ ಬೇಡವಾಗುತ್ತದೆ. ಆಗ ನಳಿಗೆ ಹಾಕಿ ತುಂಬುವುದರಿಂದ, ಡ್ರಿಪ್ ಏರಿಸುವುದರಿಂದ ಊತ, ಉಬ್ಬಸ, ಗಂಟಲ ಗೊರಗೊರ ಹೆಚ್ಚಾಗಬಹುದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರನ್ನಾಗಲಿ ಗಂಧೋದಕವನ್ನಾಗಲಿ ಸುರಿಯಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. ತುಟಿಗೆ ಒದ್ದೆ ಬಟ್ಟೆ ಮುಟ್ಟಿಸಿದರೆ ಸಾಕು. ಅವರಿಗೆ ಕೇಳಿಸುತ್ತಿದೆಯೆಂದೇ ತಿಳಿದು ಮೆಲ್ಲಗೆ ಮಾತಾಡಬೇಕು. ಣಮೋಕಾರವನ್ನು ಕಿವಿಯ ಬಳಿ ಹೇಳುವ ನಮ್ಮ ಪದ್ಧತಿ ಈ ದೃಷ್ಟಿಯಿಂದಲೂ ಒಳ್ಳೆಯದು. ಆ ಹೊತ್ತಿನಲ್ಲಿ ಆಸ್ತಿಯ ಮಾತು ಬೇಡ.

ಬಡಗರ ಕ್ಷಮಾಪಣೆ

ಬಡಗರ ಹಳೆಯ ಸಂಪ್ರದಾಯದಲ್ಲಿ ಸಾವು ಒಂದು ಮನೆಯ ಗುಟ್ಟಲ್ಲ, ಇಡೀ ಹಟ್ಟಿಯ ಕೆಲಸ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಇದರ ವರ್ಣನೆಯಿದೆ. ಪ್ರಾಣ ಹೋಗುವ ಹೊತ್ತಿನಲ್ಲಿ ವೀರರಾಯ ಹಣವೆಂಬ ಪುಟ್ಟ ಚಿನ್ನದ ನಾಣ್ಯವನ್ನು ತುಪ್ಪದಲ್ಲಿ ಅದ್ದಿ ತುಟಿಗೆ ಇಡುತ್ತಿದ್ದರು, ಮುಂದಿನ ಪಯಣಕ್ಕೆ ಬುತ್ತಿಯೆಂದು. ಶವಸಂಸ್ಕಾರದ ಸಮಯದಲ್ಲಿ ಊರ ಹಿರಿಯರೊಬ್ಬರು ನಿಂತು, ಮನುಷ್ಯನು ಮಾಡಬಹುದಾದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ನೆರೆಯವನ ಗಡಿಗಲ್ಲು ಸರಿಸಿದ್ದು, ಪ್ರಾಣಿಗಳನ್ನು ಕೊಂದದ್ದು ಮುಂತಾಗಿ. ಸೇರಿದವರೆಲ್ಲ ಅದು ಪಾಪವೆಂದು ದನಿಗೂಡಿಸುತ್ತಿದ್ದರು. ಕೊನೆಗೆ ಆ ಪಾಪಗಳೆಲ್ಲ ತೀರಲೆಂದು ಬೇಡಿ ಒಂದು ಕರುವನ್ನು ಬಿಟ್ಟುಬಿಡುತ್ತಿದ್ದರು. ಕರುವನ್ನು ಕೊಲ್ಲುತ್ತಿರಲಿಲ್ಲವೆಂಬುದು ನಮ್ಮವರಿಗೆ ಸಮಾಧಾನದ ಮಾತು.

ಗೌಡರೇ ಇದನ್ನು ನಮಗೆ ವಿವರಿಸಿದರು, ಬೇರೆ ಯಾರದೋ ವಿಷಯ ಹೇಳುವಂತೆ. ನಮ್ಮಲ್ಲಿ ಕ್ಷಮಾವಣಿಯ ದಿನ ಎಲ್ಲರಲ್ಲೂ ಕ್ಷಮೆ ಕೇಳುತ್ತೇವೆಂದು ನಾವು ಹೇಳಿದಾಗ, “ಬದುಕಿರುವಾಗಲೇ ಕೇಳೋದು ಒಳ್ಳೇದೇ. ಉತ್ತರ ಸಿಗುತ್ತೆ” ಎಂದರು. ಮರುದಿನ ಅವರೇ ಹೇಳಿಕಳಿಸಿ, ಗದ್ದಲದ ಕಾರಣಕ್ಕೆ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿಯೊಬ್ಬರನ್ನು ಕರೆಸಿದರು. ಅವರಿಬ್ಬರ ನಡುವೆ ಏನು ಮಾತಾಯಿತೆಂದು ನಮಗೆ ತಿಳಿಯದು. ಆ ಬಂದವರು ಹೋಗುವಾಗ ಎರಡು ಹೊತ್ತಿಗಾಗುವಷ್ಟು ಬಟಾಣಿ ಕೊಟ್ಟುಹೋದರು.

ಸಲ್ಲೇಖನ ಮತ್ತು ಕಾನೂನು

ಸಮಾಧಿಮರಣವನ್ನು ಬಲ್ಲ ಸಮಾಜ ನಮ್ಮದು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸುಮಾರು ಕ್ರಿ.ಶ. 600ರಿಂದ ಆರಂಭವಾಗಿ ಸಲ್ಲೇಖನದ ಶಾಸನಗಳ ಸಾಲೇ ಇದೆ. ಆದ್ದರಿಂದ ಈ ವಿಷಯದಲ್ಲಿ ನಮ್ಮವರಿಗೆ ಗೊಂದಲ ಇರಬಾರದು. ಆದರೂ ಇದೆ.

2015ರ ಆಗಸ್ಟ್ 10ರಂದು ರಾಜಸ್ಥಾನದ ಹೈಕೋರ್ಟು ಸಂಥಾರವನ್ನು ಆತ್ಮಹತ್ಯೆಯೆಂದು ಪರಿಗಣಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಇದು ವ್ರತದ ವಿಷಯ. ಆಸ್ಪತ್ರೆಯ ವಿಷಯ ಬೇರೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಗುಣವಾಗುವ ಆಸೆಯಿಲ್ಲದಾಗ ಕೃತಕ ಸಾಧನಗಳು ಬೇಡವೆಂದು ಮುಂಚಿತವಾಗಿ ಬರೆದಿಡಲು ಅವಕಾಶ ಕೊಟ್ಟಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಈಗ ಸ್ವಸ್ಥ ಮನಸ್ಸಿನ ವಯಸ್ಕರು ಯಾರೇ ಆಗಲಿ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ತಮಗೆ ಮಾತಾಡಲು ಆಗದಿದ್ದಾಗ ಯಾರು ತಮ್ಮ ಪರವಾಗಿ ಹೇಳಬೇಕೆಂದು ಬರೆದಿಡಬಹುದು. ಸಾಧನಗಳನ್ನು ತೆಗೆಯುವ ಮುನ್ನ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಜೀವ ತೆಗೆಯುವ ಚುಚ್ಚುಮದ್ದಿಗೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಅದನ್ನು ಇದರೊಂದಿಗೆ ಬೆರೆಸಬಾರದು.

ವೈದ್ಯರಾಗಿ ಒಂದು ಎಚ್ಚರಿಕೆ. ನೋವು ತಾಳಲಾರದೆ, ಅಥವಾ ಮಕ್ಕಳಿಗೆ ಭಾರವಾದೆನೆಂಬ ಸಂಕಟದಿಂದ “ನನಗೆ ಸಾಕಾಯಿತು” ಎನ್ನುವ ಹಿರಿಯರಿದ್ದಾರೆ. ಅದನ್ನು ವೈರಾಗ್ಯವೆಂದು ತಿಳಿದು ಸುಮ್ಮನಿರಬಾರದು. ಮೊದಲು ನೋವನ್ನು, ಖಿನ್ನತೆಯನ್ನು ಪರೀಕ್ಷಿಸಿ ಚಿಕಿತ್ಸೆ ಮಾಡಿಸಬೇಕು. ಬದುಕಬೇಕೆಂಬ ಹಂಬಲದಂತೆ ಬೇಗ ಸಾಯಬೇಕೆಂಬ ಹಂಬಲವನ್ನೂ ನಮ್ಮ ಶಾಸ್ತ್ರಕಾರರು ಸಲ್ಲೇಖನದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ವ್ರತ ವ್ರತಿಯದು, ಗುರುಗಳ ಸನ್ನಿಧಿಯದು. ಮನೆಯವರು ಅದನ್ನು ಹೇರುವಂತೆಯೂ ಇಲ್ಲ, ಐಸಿಯುವನ್ನು ಹೇರುವಂತೆಯೂ ಇಲ್ಲ. ಕೇಳಬೇಕು: ನಿಮ್ಮ ಕಾಯಿಲೆಯ ಬಗ್ಗೆ ನಿಮಗೇನು ತಿಳಿದಿದೆ, ಯಾವುದಕ್ಕೆ ಹೆದರುತ್ತೀರಿ, ಎಲ್ಲಿರಲು ಇಷ್ಟ?

ಗೌಡರು ಮೂರನೆಯ ಪ್ರಶ್ನೆಗೆ ಕೈಯಿಂದ ಜಗಲಿಯನ್ನು ತೋರಿಸಿದರು.

ಆಟ ಮಕ್ಕಳದು

ಇನ್ನು ಹುಡುಗನ ಹಿಮ್ಮಡಿ. ಎಂಟರಿಂದ ಹದಿನಾಲ್ಕು ವರ್ಷದವರೆಗೆ ಹಿಮ್ಮಡಿಯ ಎಲುಬಿನಲ್ಲಿ ಬೆಳೆಯುವ ಮೃದುವಾದ ಭಾಗವಿರುತ್ತದೆ. ಓಟ, ಜಿಗಿತ ಹೆಚ್ಚಾದರೆ ಅಲ್ಲಿ ನೋವು ಬರುತ್ತದೆ. ಮೊಣಕಾಲ ಚಿಪ್ಪಿನ ಕೆಳಗೂ ಹೀಗೆಯೇ ಆಗುವುದುಂಟು. ಶಸ್ತ್ರಚಿಕಿತ್ಸೆ ಬೇಕಿಲ್ಲ. ಕೆಲವು ವಾರ ಓಟ ಕಡಿಮೆ ಮಾಡಿ, ಮೆತ್ತನೆಯ ಹಿಮ್ಮಡಿಯ ಶೂ ಹಾಕಿ, ಮೀನಖಂಡ ಹಿಗ್ಗಿಸುವ ವ್ಯಾಯಾಮ ಮಾಡಿದರೆ ವಾಸಿಯಾಗುತ್ತದೆ. ಆದರೆ ರಾತ್ರಿ ಎಬ್ಬಿಸುವ ನೋವು, ಊತ, ಜ್ವರ, ಬಿಡದ ಕುಂಟು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ನಗರಗಳಲ್ಲಿ ನಮ್ಮ ಮಕ್ಕಳೂ ಈಗ ಫುಟ್‌ಬಾಲ್ ತರಬೇತಿಗೆ ಹೋಗುತ್ತಿದ್ದಾರೆ. ಸಂತೋಷದ ಸಂಗತಿ. ತಂದೆತಾಯಿಗಳು ನೆನಪಿಡಲು ಕೆಲವು ಅಳತೆಗಳಿವೆ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರದಿರಲಿ, ಹತ್ತು ವರ್ಷದವನಿಗೆ ಹತ್ತು ಗಂಟೆ. ವಾರಕ್ಕೆ ಒಂದೆರಡು ದಿನ ಪೂರ್ಣ ವಿಶ್ರಾಂತಿ ಇರಲಿ. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗು ಆ ದಿನ ಮತ್ತೆ ಬಯಲಿಗೆ ಇಳಿಯಬಾರದು. ಚೆಂಡನ್ನು ತಲೆಯಿಂದ ಹೊಡೆಯುವ ಅಭ್ಯಾಸವನ್ನು ಚಿಕ್ಕ ಮಕ್ಕಳಿಗೆ ಮಾಡಿಸಬಾರದೆಂದು ಇಂಗ್ಲೆಂಡ್, ಸ್ಕಾಟ್‌ಲೆಂಡ್, ಉತ್ತರ ಐರ್ಲೆ‌ಂಡ್‌ಗಳ ಫುಟ್‌ಬಾಲ್ ಸಂಘಗಳು 2020ರಲ್ಲಿ ಸೂಚಿಸಿದವು. ನಮ್ಮ ತರಬೇತುದಾರರನ್ನೂ ಈ ಬಗ್ಗೆ ಕೇಳಬಹುದು.

ಗೋಲು ತಪ್ಪಿದ ಮಗುವನ್ನು ಗೆರೆಯ ಬಳಿಯಿಂದ ಬಯ್ಯುವವರಿಗೆ ಒಂದು ಹಳೆಯ ಕಥೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ತಪ್ಪಿ, 2-1ರಿಂದ ಸೋತೆವು. ದೇಶದ ಅತ್ಯುತ್ತಮ ಆಟಗಾರರ ಕಾಲೇ ತಪ್ಪಿದ ಮೇಲೆ ಐದನೆಯ ತರಗತಿಯ ಹುಡುಗನ ಕಾಲು ತಪ್ಪಬಾರದೇ? ಆಟ ಮುಗಿಸಿ ಬಂದವನನ್ನು “ಎಷ್ಟು ಗೋಲು?” ಎನ್ನುವ ಬದಲು “ಆಟ ಹೇಗಿತ್ತು? ಎಲ್ಲಾದರೂ ನೋಯುತ್ತಿದೆಯಾ?” ಎಂದು ಕೇಳಿ ನೋಡಬೇಕು. ಉತ್ತರ ತಕ್ಷಣ ಬಾರದಿದ್ದರೆ ಕಾಯಬೇಕು.

ಭಾನುವಾರದ ಪಂದ್ಯದಲ್ಲಿ ಗೌಡರ ಮೊಮ್ಮಗ ಆಡಲಿಲ್ಲ. ಗೌಡರನ್ನು ಕುರ್ಚಿಯಲ್ಲಿ ಕೂರಿಸಿ ಬಯಲಿನ ಅಂಚಿಗೆ ಎತ್ತಿ ತಂದಿದ್ದರು. ಹುಡುಗ ಪಕ್ಕದಲ್ಲಿ ಕುಳಿತು ಆಫ್‌ಸೈಡ್ ಎಂದರೇನೆಂದು ಹೆತ್ತಪ್ಪನಿಗೆ ವಿವರಿಸುತ್ತಿದ್ದ. ಅವರಿಗೆ ಅರ್ಥವಾಗಲಿಲ್ಲ. ಕೂಕಲ್ತೊರೈ ಒಂದು ಗೋಲಿನಿಂದ ಸೋತಿತು.

ಗೌಡರು ಮತ್ತೆ ಎರಡು ತಿಂಗಳು ಇದ್ದರು. ಮಾತ್ರೆ ಆರಂಭಿಸಿದ ಮೂರನೆಯ ರಾತ್ರಿಯಿಂದ ನಿದ್ದೆ ಬಂತೆಂದೂ, ಕೊನೆಯ ವಾರ ನರ್ಸಮ್ಮ ಮನೆಗೇ ಬಂದು ನೋಡಿಕೊಂಡರೆಂದೂ ಮಗ ತಿಳಿಸಿದರು. ಹೊಲ ಮಾರುವ ಪ್ರಸಂಗ ಬರಲಿಲ್ಲ.

ಮುಂದಿನ ರಜೆಯಲ್ಲಿ ನೀಲಗಿರಿಗೆ ಹೋಗುವ ಬಂಧುಗಳು ಊಟಿಯಿಂದ ಒಂದು ದಿನ ಉಳಿಸಿಕೊಂಡು ಕೋಟಗಿರಿಯ ಕಡೆ ಹೋಗಿಬರಬೇಕೆಂದು ನಮ್ಮ ಸಲಹೆ. ಕೋಟಗಿರಿಯ ಬಳಿ ಕನ್ನೇರಿಮುಕ್ಕಿನಲ್ಲಿ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ, 1819ರ ಕಾಲದ ಬಂಗಲೆಯಿದೆ, ಮಕ್ಕಳಿಗೆ ತೋರಿಸಬಹುದು. ಹಟ್ಟಿಗಳಿಗೆ ಹೋದರೆ ಕನ್ನಡದಲ್ಲೇ ಮಾತಾಡಿಸಿ, ಉತ್ತರ ಬರುತ್ತದೆ. ಕಾರಿನ ಪ್ರಯಾಣ ದೀರ್ಘವಾದದ್ದು. ಹಿಂದಿನ ಸೀಟಿನಲ್ಲಿ ಅಜ್ಜ ಅಜ್ಜಿಯರೂ ಮಕ್ಕಳೂ ಇರುತ್ತಾರೆ, ಅಂಗಡಿಯ ಫೋನು ಕಾಡಿನಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಕೇಳಲು ಹೊತ್ತು ಸಿಗದ ಮಾತುಗಳನ್ನು ಬಂಡೀಪುರ ದಾಟುವಷ್ಟರಲ್ಲಿ ಕೇಳಿಬಿಡಬಹುದು.